ಬೆಂಗಳೂರು ದಂಡಿನ ವಾಸಗೃಹಗಳೂ ಸ್ವಾವಲಂಬನದ ಪ್ರಶ್ನೆಯೂ: ರಿಚರ್ಡ್ಸ್ ಟೌನಿನ ದೃಷ್ಟಾಂತ

೧

ಪರನಾಡಿನಲ್ಲಿ ನೆಲಸಿದವನು ಮನೆ ಕಟ್ಟಲು ತೊಡಗಿದಾಗ ಆ ಮನೆಗೆ ಬೇಕಾದ ನೀರು, ಬೆಳಕು, ಉರುವಲುಗಳು ಎಲ್ಲಿಂದ ಬರಬೇಕೆಂಬ ಪ್ರಶ್ನೆ ಅವನಿಗೆ ಮೊದಲು ಎದುರಾಗುತ್ತದೆ. ಹುಟ್ಟೂರಿನಲ್ಲಿ ಇವೆಲ್ಲ ರೂಢಿಯಿಂದಲೇ ಒದಗಿ ಬರುವುದರಿಂದ ಇವುಗಳ ಮೂಲವನ್ನು ವಿಚಾರಿಸುವ ಪ್ರಸಂಗ ಬರುವುದು ಅಪರೂಪ. ಸಾರ್ವಜನಿಕ ವಿದ್ಯುಜ್ಜಾಲದ ಹಂಗಿಲ್ಲದೆ, ಸೂರ್ಯನ ಬೆಳಕಿನಿಂದಲೇ ವಿದ್ಯುಚ್ಛಕ್ತಿಯನ್ನು ಪಡೆದು ಬಾಳುವ ಮನೆಯನ್ನು ಕಟ್ಟಿಕೊಳ್ಳಬೇಕೆಂಬ ಆಕಾಂಕ್ಷೆ ಈಚಿನ ದಶಕಗಳಲ್ಲಿ ಅನೇಕ ದೇಶಗಳಲ್ಲಿ ತಲೆದೋರಿದೆ. ಇದು ಕೇವಲ ಯಂತ್ರಶಾಸ್ತ್ರಕ್ಕೆ ಸಂಬಂಧಿಸಿದ ವಿಷಯವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತಿದೆ. ಆದರೆ ‘ತನ್ನ ಕಾಲ ಮೇಲೆ ತಾನೇ ನಿಂತ ಮನೆ’ ಎಂಬ ಕಲ್ಪನೆಗೆ ಒಂದು ಚರಿತ್ರೆಯುಂಟು. ಆ ಚರಿತ್ರೆಯನ್ನು ಪರಿಶೀಲಿಸುವುದಕ್ಕೆ ಬೆಂಗಳೂರಿನ ದಂಡುಪ್ರದೇಶದಷ್ಟು ಅನುಕೂಲವಾದ ಸ್ಥಳ ನಮ್ಮ ನಾಡಿನಲ್ಲಿ ಮತ್ತೊಂದು ದೊರೆಯುವುದು ಕಷ್ಟ. ಏಕೆಂದರೆ ಈ ಪ್ರದೇಶವನ್ನು ಕಟ್ಟಿಸಿದ ಆಂಗ್ಲರು ಪರದೇಶವಾಸಿಗಳೇ ಆಗಿದ್ದರು. ಅವರು ಮೊದಲ ಮನೆಗಳನ್ನು ಕಟ್ಟಿಕೊಂಡ ಕಾಲದಲ್ಲಿ ಕೊಳಾಯಿಯಾಗಲಿ ವಿದ್ಯುತ್ತಂತಿಯಾಗಲಿ ಇಲ್ಲಿ ಇರಲಿಲ್ಲ.

ದಂಡಿನ ಈಶಾನ್ಯ ಭಾಗದಲ್ಲಿರುವ ರಿಚರ್ಡ್ಸ್ ಟೌನನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಇಂಥ ಮನೆಗಳ ಸ್ವಾವಲಂಬನವು ಯಾವ ಕಾಲದಲ್ಲಿ ಯಾರ ಆಧಾರದ ಮೇಲೆ ನಿಂತಿತ್ತೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

೨

೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಆಂಗ್ಲರ ಸೈನ್ಯ ಅಲ್ಲಿಯೇ ಬೀಡುಬಿಟ್ಟಿತ್ತು. ಅಲ್ಲಿನ ಜ್ವರಬಾಧೆಯನ್ನು ತಾಳಲಾರದೆ ೧೮೦೯ರಲ್ಲಿ ಅದನ್ನು ಬೆಂಗಳೂರಿಗೆ, ಹಲಸೂರಿನ ಆಸುಪಾಸಿನ ಬಯಲಿಗೆ, ಸಾಗಿಸಲಾಯಿತು. ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದಲ್ಲಿರುವ ಈ ನೆಲದ ಹವೆ ಅವರಿಗೆ ಹಿತವೆನಿಸಿತು. ೧೮೬೪ರಲ್ಲಿ ಜೋಲಾರ್‌ಪೇಟೆಯಿಂದ ದಂಡಿಗೆ ರೈಲುಮಾರ್ಗ ಬಂದಮೇಲೆ ಇಲ್ಲಿ ನೆಲಸುವವರ ಸಂಖ್ಯೆ ಮತ್ತಷ್ಟು ಹೆಚ್ಚಿತು.

ಈ ಅವಧಿಯಲ್ಲಿ ರೂಪುಗೊಂಡ ಬಂಗಲೆಯ ಲಕ್ಷಣಗಳು ಸುಪರಿಚಿತವಾಗಿವೆ: ವಿಶಾಲವಾದ ಆವರಣ, ಮುಂಭಾಗದಲ್ಲಿ ಜಗಲಿ, ಎತ್ತರವಾದ ಮಾಡು, ಕಿಟಕಿಗಳ ಮೇಲೆ ಚೂಪಾಗಿ ಇಳಿಬಿದ್ದು ಬಿಸಿಲನ್ನೂ ಇರಚಲನ್ನೂ ತಡೆಯುವ, ‘ಮಂಕಿಟಾಪ್’ ಎಂದು ಇಲ್ಲಿನವರು ಕರೆಯುವ ಮರದ ಚಾಚು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಆ ಹೆಂಚು ಕ್ರಮೇಣ ಈ ಮನೆಗಳ ಮಾಡನ್ನೂ ಹೊದಿಸಿತು. ಸೂರ್ಯನ ಗತಿಯನ್ನು ಅರಿತು ಕಟ್ಟಿದ ಮನೆಗಳಿವು. ಸುಮಾರು ೧೩ ಅಂಶ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಮತ್ತೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ನಡುವಣ ತಿಂಗಳುಗಳಲ್ಲಿ ಉತ್ತರಕ್ಕೂ ಉಳಿದ ಕಾಲದಲ್ಲಿ ದಕ್ಷಿಣಕ್ಕೂ ವಾಲಿರುತ್ತಾನೆ. ಜಗಲಿ, ಚಾಚು, ಆವರಣದ ಮರ, ಈ ಮೂರೂ ಸೇರಿ ಯಾವ ಯಂತ್ರದ ಸಹಾಯವೂ ಇಲ್ಲದೆ ಒಳಗಣ ಕೋಣೆಗಳನ್ನು ತಂಪಾಗಿಡುತ್ತಿದ್ದವು.

ಇಷ್ಟನ್ನೇ ನೋಡಿದರೆ ಹಳೆಯ ಬಂಗಲೆ ಸ್ವಯಂಪೂರ್ಣವಾಗಿತ್ತೆಂದು ಹೇಳಬೇಕಾಗುತ್ತದೆ. ಬಾವಿ ಆವರಣದಲ್ಲಿಯೇ ಇತ್ತು; ದೀಪಕ್ಕೆ ಎಣ್ಣೆ, ಒಲೆಗೆ ಸೌದೆ. ಆದರೆ ಬಾವಿಯ ನೀರು ತಾನಾಗಿ ಸ್ನಾನದ ಕೊಠಡಿಗೆ ನಡೆದುಬರಲಿಲ್ಲ. ಇದಕ್ಕೆ ಒಂದು ಪ್ರಸಿದ್ಧವಾದ ಸಾಕ್ಷ್ಯವಿದೆ. ೧೮೯೬ರಲ್ಲಿ ಹುಸ್ಸಾರ್ ಪಡೆಯ ಕಿರಿಯ ಅಧಿಕಾರಿಯಾಗಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್, ೧೯೩೦ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ, ಇಬ್ಬರು ಗೆಳೆಯರೊಡನೆ ತಾನು ವಾಸವಾಗಿದ್ದ ಬಂಗಲೆಯನ್ನು ವಿವರಿಸಿದ್ದಾನೆ. ಒಬ್ಬೊಬ್ಬನಿಗೂ ಪ್ರತ್ಯೇಕವಾಗಿ ಬಟ್ಲರನೂ ಉಡುಪು ನೋಡಿಕೊಳ್ಳುವ ಹುಡುಗನೂ ಇದ್ದರು, ಕುದುರೆಗೊಬ್ಬ ಸಾಯಿಸನಿದ್ದ. ಇದಲ್ಲದೆ ಮೂವರಿಗೂ ಸೇರಿ ಇಬ್ಬರು ತೋಟಗಾರರು, ಮೂವರು ಭಿಸ್ತಿಗಳು, ನಾಲ್ವರು ಅಗಸರು, ಒಬ್ಬ ಕಾವಲುಗಾರ. ಮೂವರು ಯಜಮಾನರ ಮನೆಗೆ ನೀರು ಹೊರುವವರು ಮೂವರು ಎಂಬ ಈ ಲೆಕ್ಕ ಗಮನಾರ್ಹವಾದುದು. ಇಂದು ವಿದ್ಯುಚ್ಚಾಲಿತ ಪಂಪು ಕೆಲವು ನಿಮಿಷಗಳಲ್ಲಿ ಮುಗಿಸುವ ಕೆಲಸವನ್ನು ಅಂದು ಚರ್ಮದ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡ ಮನುಷ್ಯ ದಿನವೆಲ್ಲ ಮಾಡುತ್ತಿದ್ದ. ಬಂಗಲೆಯ ಹಿಂಭಾಗದಲ್ಲಿ ಸಾಲಾಗಿ ಕಟ್ಟಿದ್ದ ಆಳುಗಳ ಮನೆಗಳು ಆ ಬಂಗಲೆಯ ಶಕ್ತಿಮೂಲವೇ ಆಗಿದ್ದವು. ಮಲವನ್ನು ಹೊತ್ತು ಸಾಗಿಸುವ ಕೆಲಸವಂತೂ ಜಾತಿಯ ಕಟ್ಟಿಗೆ ಸಿಕ್ಕಿದ ಜನರ ಪಾಲಿಗೆ ಬಿದ್ದಿತ್ತು. ಬಂಗಲೆಯ ಯಜಮಾನ ಯಾವ ಊರಿನ ಹಂಗಿನಲ್ಲಿಯೂ ಇರಲಿಲ್ಲವೆನ್ನುವುದು ಸರಿಯಾದರೆ, ಅವನು ಹತ್ತಾರು ಜನರ ದೇಹಶ್ರಮದ ಹಂಗಿನಲ್ಲಿದ್ದನೆನ್ನುವುದೂ ಅಷ್ಟೇ ಸರಿ.

೩

ರಿಚರ್ಡ್ಸ್ ಟೌನ್ ಈ ಮೊದಲ ಕಾಲದ್ದಲ್ಲ. ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು, ಪೇಟೆಯನ್ನೂ ದಂಡಿನ ಕಿಕ್ಕಿರಿದ ಬಜಾರುಗಳನ್ನೂ ಸಮನಾಗಿ ಕಾಡಿತು. ಮೈಸೂರು ಸರ್ಕಾರ ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದಂತೆ ದಂಡಿನ ಆಡಳಿತವೂ ಹೊಸ ಬಡಾವಣೆಗಳನ್ನು ರಚಿಸಲು ಮುಂದಾಯಿತು. ರೆಸಿಡೆಂಟನಾಗಿದ್ದ ಸ್ಟುಅರ್ಟ್ ಫ್ರೇಜರನ ಹೆಸರನ್ನು ಪಡೆದ ಫ್ರೇಜರ್ ಟೌನ್ ಇವುಗಳಲ್ಲಿ ಪ್ರಮುಖವಾದುದು. ಇಲಿಗಳಿಗೆ ಎಡೆಕೊಡದ ತಳಪಾಯ, ಮನೆಮನೆಗೂ ನಡುವೆ ತೆರಪು, ಗಾಳಿಬೆಳಕುಗಳಿಗೆ ದಾರಿ, ಇವು ಆ ರಚನೆಯ ಸೂತ್ರಗಳು. ಜೆ. ಎಚ್. ಸ್ಟೀಫನ್ಸ್ ೧೯೧೪ರಲ್ಲಿ ಬೆಂಗಳೂರಿನ ಪ್ಲೇಗುನಿರೋಧಕ ನಗರರಚನೆಯನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದ. ರಿಚರ್ಡ್ಸ್ ಎಂಬ ಆಂಗ್ಲ ಅಧಿಕಾರಿಯ ಹೆಸರನ್ನು ಹೊತ್ತ ರಿಚರ್ಡ್ಸ್ ಟೌನ್ ಇದೇ ಪರಂಪರೆಗೆ ಸೇರಿದ ನೆರೆಯ ಬಡಾವಣೆ. ನಡುವೆ ಉದ್ಯಾನ, ಸುತ್ತಲೂ ಮರಗಳ ಸಾಲುಳ್ಳ ನೇರವಾದ ಬೀದಿಗಳು ಅದರ ವೈಶಿಷ್ಟ್ಯ.

ಇಲ್ಲಿ ಒಂದು ಮಹತ್ತರವಾದ ಪರಿವರ್ತನೆಯನ್ನು ಕಾಣುತ್ತೇವೆ. ಹಳೆಯ ಬಂಗಲೆ ಏಕಾಕಿಯಾಗಿದ್ದಿತು. ಹೊಸ ಬಡಾವಣೆಯ ಮನೆ ಚಿಕ್ಕ ನಿವೇಶನದಲ್ಲಿ, ಸಾಲಿನಲ್ಲಿ, ಸಾರ್ವಜನಿಕ ಸೌಕರ್ಯಗಳನ್ನು ನಂಬಿ ನಿಂತಿತು. ಒಬ್ಬನ ಆವರಣದ ಕೊಳೆ ನೆರೆಯವನ ಮನೆಗೆ ಮೃತ್ಯುವಾಗಬಲ್ಲದೆಂಬ ಪಾಠವನ್ನು ಪ್ಲೇಗು ಕಲಿಸಿತ್ತು. ಆರೋಗ್ಯದ ವಿಷಯದಲ್ಲಿ ಯಾವ ಮನೆಯೂ ತನ್ನಷ್ಟಕ್ಕೆ ತಾನಿರಲಾರದೆಂಬ ಅರಿವಿನ ಮೇಲೆಯೇ ಈ ಬಡಾವಣೆಗಳು ಎದ್ದವು.

ಆ ಸೌಕರ್ಯಗಳು ಎಲ್ಲಿಂದ ಬಂದವು? ೧೮೮೧ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಆಂಗ್ಲರು ದಂಡುಪ್ರದೇಶವನ್ನು ತಮ್ಮಲ್ಲಿಯೇ ಉಳಿಸಿಕೊಂಡಿದ್ದರು. ಅಂದಿನಿಂದ ೧೯೪೭ರವರೆಗೆ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಅದಕ್ಕೆ ಪ್ರತ್ಯೇಕವಾದ ಆಡಳಿತವಿದ್ದಿತು. ಆದರೆ ನೀರು ಗಡಿಯನ್ನು ಲೆಕ್ಕಿಸಲಿಲ್ಲ. ದಂಡಿನ ನೀರಿನ ಅಭಾವವನ್ನು ನೀಗಲೆಂದು ೧೮೮೨ರಲ್ಲಿ ಸ್ಯಾಂಕಿ ಕೆರೆ ನಿರ್ಮಾಣವಾಯಿತು. ಅದು ಸಾಲದೆ ೧೮೯೦ರ ದಶಕದಲ್ಲಿ ಹೆಸರಘಟ್ಟದಿಂದ, ಎಂದರೆ ಮೈಸೂರಿನ ನೆಲದಿಂದ, ನೀರನ್ನು ತರಬೇಕಾಯಿತು. ಬೆಳಕಿನ ಕಥೆಯೂ ಇಂಥದೇ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಜಲವಿದ್ಯುತ್ ಯೋಜನೆ ೧೯೦೨ರಲ್ಲಿ ೯೨ ಮೈಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಒದಗಿಸಿತು. ೧೯೦೫ರಲ್ಲಿ ಬೆಂಗಳೂರು ಪೇಟೆಯ ಬೀದಿದೀಪಗಳು ಬೆಳಗಿದವು. ಕ್ರಮೇಣ ಅದೇ ಶಕ್ತಿ ದಂಡಿಗೂ ಹರಿಯಿತು. ಆಡಳಿತದಲ್ಲಿ ಮೈಸೂರಿನಿಂದ ಬೇರೆಯಾಗಿ ನಿಂತ ಈ ಪ್ರದೇಶ ನೀರಿಗೂ ಬೆಳಕಿಗೂ ಮೈಸೂರನ್ನೇ ಆಶ್ರಯಿಸಬೇಕಾಯಿತು. ೧೯೪೯ರಲ್ಲಿ ಪೇಟೆ, ದಂಡುಗಳ ಪುರಸಭೆಗಳು ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ಸ್ಥಾಪಿತವಾದುದು, ಕೊಳಾಯಿ ತಂತಿಗಳು ಬಹುಕಾಲದ ಹಿಂದೆಯೇ ಮಾಡಿದ್ದ ಒಕ್ಕೂಟವನ್ನು ಕಾಗದದ ಮೇಲೆ ಒಪ್ಪಿಕೊಂಡಂತಾಯಿತು.

ಕೊಳಾಯಿಯೂ ತಂತಿಯೂ ಬಂದುದರ ಪರಿಣಾಮವಾಗಿ ಭಿಸ್ತಿಯ ಕಸುಬು ಮೆಲ್ಲಮೆಲ್ಲನೆ ಅಳಿಯಿತು. ಆಳುಗಳನ್ನಿಡಲು ಶಕ್ತಿಯಿಲ್ಲದ ಗುಮಾಸ್ತ, ಉಪಾಧ್ಯಾಯ, ರೈಲ್ವೆ ನೌಕರ ಮೊದಲಾದವರ ಮನೆಯಲ್ಲಿಯೂ ನಲ್ಲಿ ತಿರುಗಿಸಿದರೆ ನೀರು ಬರುವಂತಾಯಿತು. ಹಿಂದೆ ಯಜಮಾನನಿಗೆ ಮಾತ್ರ ಲಭ್ಯವಿದ್ದ ಸೌಖ್ಯವನ್ನು ಸಾಮಾನ್ಯರಿಗೂ ಹಂಚಿದ ಸಾಧನವೆಂಬ ದೃಷ್ಟಿಯಿಂದ ಸಾರ್ವಜನಿಕ ಜಾಲದ ಮಹತ್ವವನ್ನು ಅಳೆಯಬೇಕಾಗುತ್ತದೆ.

೪

ಸೂರ್ಯನ ಶಕ್ತಿಯನ್ನು ಯಂತ್ರಕ್ಕೆ ಹೂಡುವ ಪ್ರಯತ್ನವೂ ಭಾರತದಲ್ಲಿ ಪರದೇಶವಾಸಿಯೊಬ್ಬನಿಂದಲೇ ಆರಂಭವಾದ ಹಾಗೆ ಕಾಣುತ್ತದೆ. ಮುಂಬಯಿಯ ಉಚ್ಚನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಆಡಮ್ಸ್ ಎಂಬ ಆಂಗ್ಲನು ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ ಉಗಿಯನ್ನು ಉತ್ಪಾದಿಸಿದನು. ಎರಡೂವರೆ ಅಶ್ವಶಕ್ತಿಯ ಯಂತ್ರವನ್ನು ಅದರಿಂದ ನಡೆಸಿದನು. ಏಳು ಮಂದಿ ಸಿಪಾಯಿಗಳಿಗೆ ಸಾಕಾಗುವ ಊಟವನ್ನು ಎರಡು ಗಂಟೆಗಳಲ್ಲಿ ಬೇಯಿಸುವ ಒಲೆಯನ್ನೂ ರಚಿಸಿದನು. ೧೮೭೮ರಲ್ಲಿ ಮುಂಬಯಿಯಲ್ಲಿ ಪ್ರಕಟವಾದ ಅವನ ಪುಸ್ತಕ, ಉಷ್ಣದೇಶಗಳಲ್ಲಿ ಉರುವಲಿಗೆ ಬದಲಾಗಿ ಸೂರ್ಯತಾಪವನ್ನು ಬಳಸಬಹುದೆಂದು ವಾದಿಸುತ್ತದೆ. ಅಗ್ಗವಾದ ಕಲ್ಲಿದ್ದಲಿನ ಮುಂದೆ ಆ ವಾದ ನಿಲ್ಲಲಿಲ್ಲ. ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು, ಬಿದ್ದ ಬೆಳಕಿನ ನೂರರಲ್ಲಿ ಸುಮಾರು ಆರು ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಿಲಿಕಾನ್ ಕೋಶವನ್ನು ಪ್ರದರ್ಶಿಸಿದ ಮೇಲೆ ಈ ಪ್ರಶ್ನೆ ಹೊಸ ರೂಪದಲ್ಲಿ ಮರಳಿ ಬಂದಿತು.

ಕರ್ನಾಟಕದಲ್ಲಿ ಜಾಲದ ಹೊರಗಿನ ಬೆಳಕಿನ ಪ್ರಯೋಗಗಳು ನಡೆದುದು ಬಹುಮಟ್ಟಿಗೆ ಹಳ್ಳಿಗಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿಯ ಅನಿಲದಿಂದ ವಿದ್ಯುತ್ತನ್ನು ಉತ್ಪಾದಿಸಿ, ೧೯೮೭ರಿಂದ ಊರಿಗೆ ಬೆಳಕನ್ನೂ ಕೊಳಾಯಿ ನೀರನ್ನೂ ಒದಗಿಸಿತು. ಸಗಣಿಯನ್ನು ತಂದು ಹಾಕುವವರಿಂದ ಹಿಡಿದು ಯಂತ್ರ ನಡೆಸುವವರವರೆಗೆ ಅದು ಊರಿನ ಸಹಕಾರದಿಂದಲೇ ನಡೆಯಬೇಕಾಗಿತ್ತು. ಅನಂತರದ ದೃಷ್ಟಾಂತ ಹರೀಶ್ ಹಂದೆಯವರದು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಅವರಿಗೆ ಡೊಮಿನಿಕನ್ ಗಣರಾಜ್ಯದ ಬಡವರ ಮನೆಗಳಲ್ಲಿ ಸೌರದೀಪಗಳನ್ನು ಕಂಡಮೇಲೆ ಆಸಕ್ತಿ ದೊಡ್ಡ ಸ್ಥಾವರಗಳಿಂದ ಚಿಕ್ಕ ದೀಪಗಳ ಕಡೆಗೆ ತಿರುಗಿತು. ೧೯೯೫ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸೆಲ್ಕೊ ಸಂಸ್ಥೆ, ಬ್ಯಾಂಕುಗಳ ಸಾಲದ ನೆರವಿನಿಂದ ಗ್ರಾಮಾಂತರದ ಮನೆಗಳಿಗೆ ಸೌರದೀಪಗಳನ್ನು ಒದಗಿಸಿತು. ೨೦೧೧ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಈ ಕಾರ್ಯದಲ್ಲಿ ಇತಿಹಾಸಕಾರನಿಗೆ ಮುಖ್ಯವೆನಿಸುವುದು ದೀಪದ ಜೊತೆಗೆ ಅವರು ಕಟ್ಟಿದ ವ್ಯವಸ್ಥೆ: ಕಂತಿನಲ್ಲಿ ತೀರಿಸುವ ಸಾಲ, ಕರೆದರೆ ಮನೆಬಾಗಿಲಿಗೆ ಬರುವ ರಿಪೇರಿಯವನು. ತಂತಿಯಿಲ್ಲದ ದೀಪಕ್ಕೂ ಹತ್ತಿರದಲ್ಲೊಬ್ಬ ಮನುಷ್ಯ ಬೇಕಾಗಿತ್ತು.

೫

ಈ ಹಿನ್ನೆಲೆಯಲ್ಲಿ, ಇಂದು ರಿಚರ್ಡ್ಸ್ ಟೌನಿನಲ್ಲಿ ಜಾಲದಿಂದ ಪೂರ್ಣವಾಗಿ ಬೇರೆಯಾದ ಮನೆಯೊಂದನ್ನು ಕಟ್ಟಬಯಸುವವನ ಸ್ಥಿತಿಯನ್ನು ಊಹಿಸಿ ನೋಡಬಹುದು. ಅವನು ವಿದೇಶದಲ್ಲಿರುವ ಕನ್ನಡಿಗನೆಂದೇ ಇಟ್ಟುಕೊಳ್ಳೋಣ. ವಿದೇಶೀ ವಿನಿಮಯದ ಕಾನೂನಿನಂತೆ ಅನಿವಾಸಿ ಭಾರತೀಯನು ವಾಸದ ಮನೆಯನ್ನು ಕೊಳ್ಳಬಹುದೇ ಹೊರತು ಕೃಷಿಭೂಮಿಯನ್ನಾಗಲಿ ತೋಟದ ಮನೆಯನ್ನಾಗಲಿ ಕೊಳ್ಳುವಂತಿಲ್ಲ. ಹೀಗಾಗಿ ಅವನ ದೃಷ್ಟಿ ಊರಿನೊಳಗಿನ ನಿವೇಶನದ ಮೇಲೆಯೇ ಬೀಳುತ್ತದೆ. ತಾನು ಇಲ್ಲದಿರುವಾಗ ಕೆಲಸ ಸಾಗಬೇಕಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಮುಖ್ತ್ಯಾರುಪತ್ರವನ್ನು ಬರೆದುಕೊಟ್ಟು, ಅದು ಇಲ್ಲಿಗೆ ತಲಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನು ಸಲ್ಲಿಸಬೇಕು. ಸ್ವಾವಲಂಬಿಯಾದ ಮನೆಯ ಮೊದಲ ಕಲ್ಲನ್ನು ಇಡುವುದಕ್ಕೇ ನಂಬಿಕೆಯ ಮತ್ತೊಬ್ಬನು ಬೇಕಾಗುತ್ತಾನೆ.

ಮನೆಗೆ ದಿನಕ್ಕೆ ೫ ಯೂನಿಟ್ ವಿದ್ಯುತ್ ಸಾಕೆಂದುಕೊಳ್ಳೋಣ. ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟಿನ ಸೌರಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ೪ ಯೂನಿಟ್ ಕೊಡುತ್ತದೆ. ಅದಕ್ಕೆ ನೂರು ಚದರಡಿಯಷ್ಟು ಮಾಳಿಗೆ ಬೇಕು. ಆದರೆ ಜೂನ್‌ನಿಂದ ನವೆಂಬರ್‌ವರೆಗೆ ಮೋಡ ಕವಿದ ದಿನಗಳು ಹಲವು. ಅಂಥ ದಿನಗಳಲ್ಲಿ ಇಳುವರಿ ಅರ್ಧಕ್ಕೂ ಕೆಳಗಿಳಿಯುತ್ತದೆ. ಆದ್ದರಿಂದ ೩ ಕಿಲೋವ್ಯಾಟಿನಷ್ಟು ಫಲಕಗಳನ್ನು ಹೂಡಬೇಕು. ಮೂರು ದಿನದ ಬಳಕೆಗೆ ೧೫ ಯೂನಿಟ್ ಕೂಡಿಡಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದು ಬೇಗ ಕೆಡುವುದರಿಂದ ಬ್ಯಾಟರಿಗಳ ಅಳತೆ ೩೦ ಯೂನಿಟ್ ಆಗಬೇಕು. ಅವನ್ನೂ ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ಬೇಸಗೆಯ ಬಿಸಿಲಿನಲ್ಲಿ ಆ ಮಾಳಿಗೆಯಲ್ಲಿ ೧೨ ಯೂನಿಟ್ಟಿಗೂ ಮಿಗಿಲಾಗಿ ಹುಟ್ಟಬಲ್ಲ ಶಕ್ತಿಯಲ್ಲಿ ೫ನ್ನು ಬಳಸಿ, ಬ್ಯಾಟರಿಗಳು ತುಂಬಿದ ಮೇಲೆ ಉಳಿದುದನ್ನು ವ್ಯರ್ಥಮಾಡಬೇಕಾಗುತ್ತದೆ. ಜಾಲಕ್ಕೆ ಸೇರಿದ ಮನೆಯಾಗಿದ್ದರೆ ಆ ಉಳಿಕೆ ನೆರೆಯವರಿಗೆ ಸಲ್ಲುತ್ತಿತ್ತು. ಜಾಲಕ್ಕೆ ಜೋಡಿಸಿದ ಸಾಧಾರಣ ಸೌರವ್ಯವಸ್ಥೆಗೂ ಒಂದು ಮಿತಿಯುಂಟು: ತಂತಿಯಲ್ಲಿ ವಿದ್ಯುತ್ ನಿಂತರೆ, ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್ನನ ಪ್ರಾಣಕ್ಕೆ ಅಪಾಯವಾಗದಿರಲೆಂದು ಅದೂ ತಾನಾಗಿ ನಿಂತುಬಿಡುತ್ತದೆ. ಜಾಲದೊಳಗಿರುವವನು ಇನ್ನೊಬ್ಬನ ಪ್ರಾಣಕ್ಕಾಗಿ ತಾನು ಸ್ವಲ್ಪ ಹೊತ್ತು ಕತ್ತಲೆಯಲ್ಲಿರಬೇಕೆಂದು ಇದರ ಅರ್ಥ.

ನೀರಿನ ಲೆಕ್ಕ ಇನ್ನೂ ಕಠಿನ. ೧,೦೦೦ ಚದರಡಿಯ ಮಾಳಿಗೆಯ ಮೇಲೆ ವರ್ಷಕ್ಕೆ ಸುಮಾರು ೯೭೦ ಮಿಲಿಮೀಟರು ಮಳೆ ಬಿದ್ದರೆ ೯೦,೦೦೦ ಲೀಟರು. ಸೋರಿ ಹೋಗುವುದನ್ನು ಕಳೆದರೆ ೭೨,೦೦೦. ತಲೆಗೆ ದಿನಕ್ಕೆ ೧೩೫ ಲೀಟರಿನಂತೆ ನಾಲ್ವರ ಸಂಸಾರಕ್ಕೆ ವರ್ಷಕ್ಕೆ ಬೇಕಾದುದು ಸುಮಾರು ೧,೯೭,೦೦೦ ಲೀಟರು. ಮಳೆಯಿಂದ ದೊರೆಯುವುದು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಉಳಿದುದಕ್ಕೆ ೧೯೭೪ರಿಂದ ಬೆಂಗಳೂರಿಗೆ ಏರಿ ಬರುತ್ತಿರುವ ಕಾವೇರಿಯೇ ಗತಿ. ಆ ನೀರನ್ನು ಸುಮಾರು ನೂರು ಕಿಲೋಮೀಟರು ದೂರದಿಂದ ಮೇಲೆತ್ತುವುದು ವಿದ್ಯುತ್ತೇ. ದೀಪವನ್ನು ಜಾಲದಿಂದ ಬಿಡಿಸಿಕೊಂಡವನು ನಲ್ಲಿಯ ಮೂಲಕ ಮತ್ತೆ ಅದಕ್ಕೆ ಬದ್ಧನಾಗುತ್ತಾನೆ.

ರಿಚರ್ಡ್ಸ್ ಟೌನಿಗೆ ವಿಶಿಷ್ಟವಾದ ಇನ್ನೊಂದು ತೊಡಕುಂಟು. ಸೌರಫಲಕಕ್ಕೆ ನೆರಳು ಪರಮಶತ್ರು. ಫಲಕದ ಒಂದು ಮೂಲೆಯ ಮೇಲೆ ರೆಂಬೆಯ ನೆರಳು ಬಿದ್ದರೂ ಇಡೀ ಸಾಲಿನ ಇಳುವರಿ ಕುಗ್ಗಬಹುದು. ಈ ಬಡಾವಣೆಯ ಕೀರ್ತಿಯಾದರೋ ಬೀದಿಯ ಮೇಲೆ ಚಪ್ಪರ ಹಾಕಿದ ಮರಗಳಿಂದಲೇ ಬಂದುದು. ಹಳೆಯ ಮನೆ ಮರವನ್ನು ಬೆಳೆಸಿ ಬಿಸಿಲಿನಿಂದ ಬಿಡುಗಡೆ ಪಡೆಯಿತು. ಹೊಸ ಮನೆ ಬಿಸಿಲನ್ನು ಪಡೆಯಲು ಮರವನ್ನು ಕಡಿಯಬೇಕೆಂದು ಬಯಸೀತು. ೧೯೭೬ರ ಮರಗಳ ಸಂರಕ್ಷಣ ಕಾಯಿದೆ ಅನುಮತಿಯಿಲ್ಲದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಬೀದಿಯ ಮರ ಯಾವ ಒಂದು ಮನೆಯದೂ ಅಲ್ಲ. ಅದರ ನೆರಳಿನಲ್ಲಿ ತರಕಾರಿಯ ಗಾಡಿಯವನಿಗೂ ಪಾಲಿದೆ.

ಕೊನೆಯದಾಗಿ ಹಣದ ವಿಷಯ. ಕರ್ನಾಟಕದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ರೈತರ ಪಂಪುಸೆಟ್ಟುಗಳಿಗೆ ವಿದ್ಯುತ್ ಉಚಿತವಾಗಿದೆ. ೨೦೨೩ರಿಂದ ಗೃಹಜ್ಯೋತಿ ಯೋಜನೆಯಂತೆ ೨೦೦ ಯೂನಿಟ್ಟಿನ ಮಿತಿಯೊಳಗೆ ಬಳಸುವ ಮನೆಗಳಿಗೂ ಬಿಲ್ಲಿನ ಹೊರೆ ತಪ್ಪಿದೆ. ಈ ಭಾರವನ್ನು ಸರ್ಕಾರದ ಬೊಕ್ಕಸವೂ ಹೆಚ್ಚು ದರ ತೆರುವ ಗ್ರಾಹಕರೂ ಹೊರುತ್ತಾರೆ. ಶಕ್ತರಾದವರು ಒಬ್ಬೊಬ್ಬರಾಗಿ ಜಾಲವನ್ನು ಬಿಟ್ಟು ಹೊರನಡೆದರೆ ಕಂಬ, ತಂತಿ, ಪರಿವರ್ತಕಗಳ ವೆಚ್ಚ ಬಿಟ್ಟುಹೋಗಲಾರದವರ ತಲೆಯ ಮೇಲೆ ಉಳಿಯುತ್ತದೆ.

೬

ಇದರಿಂದ ಸೌರಶಕ್ತಿ ಬೇಡವೆಂದಾಗಲಿ, ಅಂಥ ಮನೆಯನ್ನು ಕಟ್ಟುವವನು ಸ್ವಾರ್ಥಿಯೆಂದಾಗಲಿ ತೀರ್ಮಾನಿಸುವುದು ಯುಕ್ತವಲ್ಲ. ಕಲ್ಲಿದ್ದಲಿನ ಹೊಗೆ, ಮಳೆ ತಪ್ಪಿದ ವರ್ಷಗಳಲ್ಲಿ ಬರಿದಾಗುವ ಜಲಾಶಯ, ಇವನ್ನು ಕಂಡವನು ತನ್ನ ಮಾಳಿಗೆಯ ಬಿಸಿಲನ್ನು ಬಳಸಿಕೊಳ್ಳಬೇಕೆನ್ನುವುದು ವಿವೇಕವೇ ಸರಿ. ತಂತಿ ತಲಪದ ಕಾಡಂಚಿನ ಮನೆಗೆ ಸೌರದೀಪವು ಕತ್ತಲೆಗೂ ಓದಿಗೂ ನಡುವಣ ವ್ಯತ್ಯಾಸವಾಗಿದೆ. ಆದರೆ ಯಾವ ಕಾಲದಲ್ಲಿಯೂ ಮನೆಯೊಂದು ಅವಲಂಬನವನ್ನು ತೊರೆದುದಿಲ್ಲ, ಒಂದು ಅವಲಂಬನದಿಂದ ಮತ್ತೊಂದಕ್ಕೆ ಸಾಗಿದೆ ಎಂಬುದು ಮೇಲಿನ ವಿವೇಚನೆಯಿಂದ ವ್ಯಕ್ತವಾಗುತ್ತದೆ. ಮೊದಲ ಬಂಗಲೆ ಭಿಸ್ತಿಯ ಬೆನ್ನನ್ನು ನಂಬಿತು. ಪ್ಲೇಗಿನ ಅನಂತರದ ಮನೆ ದೂರದ ಕಾವೇರಿಯನ್ನೂ ಪುರಸಭೆಯನ್ನೂ ನಂಬಿತು. ಇಂದಿನ ಸೌರಗೃಹ ಕಾರ್ಖಾನೆಯನ್ನೂ ಬ್ಯಾಟರಿಯನ್ನೂ ರಿಪೇರಿಯವನನ್ನೂ ನಂಬುತ್ತದೆ. ಇವುಗಳಲ್ಲಿ ಯಾವುದು ನ್ಯಾಯವಾದುದೆಂಬುದನ್ನು ಅದರ ಭಾರವನ್ನು ಹೊತ್ತವರ ಕಡೆಯಿಂದ ನೋಡಿ ನಿರ್ಣಯಿಸಬೇಕು.

ಹಾಗೆ ನೋಡಬೇಕಾದರೆ ಆಧಾರಗಳು ಬೇಕು. ಆ ಆಧಾರಗಳು ದಿನೇ ದಿನೇ ನಾಶವಾಗುತ್ತಿವೆ. ಸ್ವಾತಂತ್ರ್ಯಾನಂತರ ದಂಡಿನ ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯ, ಕೆನಡಗಳಿಗೆ ವಲಸೆ ಹೋದವು. ಹಳೆಯ ಮನೆಗಳು ಕೈಬದಲಾಯಿಸಿದವು, ಹಲವು ಉರುಳಿದವು. ಜಾನೆಟ್ ಪಾಟ್ ಎಂಬಾಕೆ ೧೯೭೭ರಲ್ಲಿ ಪ್ರಕಟಿಸಿದ ಬೆಂಗಳೂರಿನ ಹಳೆಯ ಬಂಗಲೆಗಳ ಚಿತ್ರಗ್ರಂಥದಿಂದ ಅವುಗಳ ಚೆಲುವಿನ ದಾಖಲೆಯೊಂದು ನಮಗೆ ಉಳಿದಿದೆ. ಆದರೆ ಮನೆಯ ಹಿಂಭಾಗದ ಬಾವಿ, ಆಳುಗಳ ಕೊಠಡಿಗಳ ಸಾಲು, ಮಲ ಸಾಗಿಸುತ್ತಿದ್ದ ಓಣಿ, ಇವುಗಳ ಅಳತೆಯನ್ನು ತೆಗೆದುಕೊಂಡವರು ವಿರಳ. ಮನೆ ಕೆಡವುವಾಗ ಮೊದಲು ಬೀಳುವುದೂ ಇವೇ. ನಮ್ಮ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆಂದು ಹೊರಟಾಗ, ಶಾಸನಗಳನ್ನು ಹುಡುಕಿಕೊಂಡು ದೂರದ ಊರುಗಳಿಗೆ ಹೋಗುವ ಶ್ರದ್ಧೆಯಲ್ಲಿ ಒಂದು ಪಾಲನ್ನು ರಿಚರ್ಡ್ಸ್ ಟೌನಿನ ಹಿತ್ತಿಲುಗಳಿಗೂ ಮೀಸಲಿಟ್ಟರೆ, ಈ ಊರಿನ ದೀಪಗಳನ್ನು ಯಾರು ಉರಿಸಿದರೆಂಬ ಪ್ರಶ್ನೆಗೆ ಮುಂದಿನವರು ಹೆಚ್ಚು ಪ್ರಾಮಾಣಿಕವಾದ ಉತ್ತರವನ್ನು ಕೊಡುವುದು ಸಾಧ್ಯವಾದೀತು.